ಪ್ಲಗ್ ಕಿತ್ತರೆ ತಾರೀಖು ಮರೆಯುವ ಡೆಸ್ಕ್‌ಟಾಪ್

ಆನ್ ಮಾಡಿದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ‘ಸಿಮಾಸ್ ಚೆಕ್‌ಸಮ್ ಎರರ್’ ತೋರಿಸಿ ಎಫ್1 ಒತ್ತು ಎನ್ನುತ್ತದೆ. ಬ್ರೌಸರ್ ತೆರೆದರೆ ಸರ್ಟಿಫಿಕೇಟ್ ತಕರಾರು. ಇಂಥ ಕಡೆ ಮೊದಲು ಅನುಮಾನಿಸಬೇಕಾದ್ದು ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ ಸೆಲ್, ಸಿಆರ್2032. ಗಡಿಯಾರ ಕರಾರುವಾಕ್ಕಾಗಿ ಐದೂವರೆ ಗಂಟೆ ತಪ್ಪುತ್ತಿದ್ದರೆ ಮಾತ್ರ ಸೆಲ್ ಮುಟ್ಟಬೇಡಿ. ವಿಂಡೋಸ್ ಜೊತೆ ಲಿನಕ್ಸ್ ಹಾಕಿದ್ದರಿಂದಲೋ ಟೈಮ್ ಝೋನ್ ತಪ್ಪಿದ್ದರಿಂದಲೋ ಹಾಗಾಗುತ್ತದೆ.

ಶಟ್‌ಡೌನ್ ಆಗಿದ್ದರೂ ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬಿ) 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡುತ್ತಲೇ ಇರುತ್ತದೆ, ಗಡಿಯಾರ ಅದರ ಮೇಲೆ ಓಡುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಭಾರವೆಲ್ಲ ಸೆಲ್ ಮೇಲೆ. ಒಳ್ಳೆಯ ಸೆಲ್‌ನಲ್ಲಿ ಸುಮಾರು 220 ಮಿಲಿಆಂಪ್-ಅವರ್ ಇರುತ್ತದೆ. ಗಡಿಯಾರ 5 ಮೈಕ್ರೋಆಂಪ್ ಎಳೆದರೂ ಲೆಕ್ಕದ ಪ್ರಕಾರ ಐದು ವರ್ಷ ಬರಬೇಕು. ಹೊಸದು ಆರೇ ತಿಂಗಳಿಗೆ ಸತ್ತರೆ ಸೆಲ್ ಕಳಪೆ, ಇಲ್ಲವೇ ಬೋರ್ಡ್‌ನಲ್ಲೇ ಕರೆಂಟ್ ಸೋರುತ್ತಿದೆ.

ಬಿಚ್ಚುವ ಮೊದಲು ಬಯಾಸ್‌ನ (ವಿಂಡೋಸ್‌ಗಿಂತ ಮೊದಲು ಓಡುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ, ಬೂಟ್ ಆರ್ಡರ್ ಮತ್ತು ಸಾಟಾ ಮೋಡ್ (ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ) ಮುಖ್ಯ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳದೆ ಮುಂದೆ ಹೋಗಲೇಬೇಡಿ. ಸೆಲ್ ತೆಗೆದು ಬಯಾಸ್ ರೀಸೆಟ್ ಆದ ಮೇಲೆ ವಿಂಡೋಸ್ ಅದನ್ನು ಕೇಳಬಹುದು.

ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಸಾಕೆಟ್ ಪಕ್ಕದ ಕ್ಲಿಪ್ ಒತ್ತಿದರೆ ಸೆಲ್ ತಾನೇ ಮೇಲೇಳುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಬೋರ್ಡ್ ಗೀಚಿಹೋಗುತ್ತದೆ. ಮಲ್ಟಿಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಅಳೆಯಿರಿ. ಹೊಸದು 3 ವೋಲ್ಟ್‌ಗಿಂತ ತುಸು ಹೆಚ್ಚೇ ತೋರಿಸುತ್ತದೆ. 2.8ಕ್ಕಿಂತ ಕಡಿಮೆಯಿದ್ದರೆ ಬದಲಿಸಿ.

ಅಂಗಡಿಯವರು ಸಿಆರ್2025 ಕೊಟ್ಟರೆ ಬೇಡ ಎನ್ನಿ. ಅದರ ದಪ್ಪ 2.5 ಮಿಮೀ, ನಿಮಗೆ ಬೇಕಾದ್ದು 3.2 ಮಿಮೀ, ಸಾಕೆಟ್‌ನಲ್ಲಿ ಸಡಿಲವಾಗಿ ಅದೇ ತೊಂದರೆ ಮರುಕಳಿಸುತ್ತದೆ. ಚಾರ್ಜ್ ಆಗುವ ಎಲ್‌ಐಆರ್2032 ಕೂಡ ಬೇಡ, ಅದರ ವೋಲ್ಟೇಜ್ ಹೆಚ್ಚು. ಮಲಗಿರುವ ಸಾಕೆಟ್‌ನಲ್ಲಿ ಅಕ್ಷರವಿರುವ ಪ್ಲಸ್ ಬದಿ ಮೇಲೆ ಬರಲಿ.

ಹೊಸ ಸೆಲ್ ಹಾಕಿಯೂ ಮರೆಯುತ್ತಿದೆಯೇ? ಹಲವರ ಕಣ್ಣಿಗೆ ಬೀಳದ್ದು ಜಂಪರ್, ಬಯಾಸ್ ರೀಸೆಟ್ ಮಾಡಲು ಎರಡು ಪಿನ್ ಜೋಡಿಸುವ ಪುಟ್ಟ ಟೋಪಿ. ಪಕ್ಕದಲ್ಲಿ ಸಿಎಲ್‌ಆರ್‌ಟಿಸಿ ಅಥವಾ ಜೆಬ್ಯಾಟ್1 ಎಂದು ಬರೆದಿರುತ್ತದೆ. ಮೂರು ಪಿನ್ನಿನದಾದರೆ ಸಾಮಾನ್ಯವಾಗಿ 1-2ರ ಮೇಲಿರಬೇಕು; ಯಾರೋ ರೀಸೆಟ್ ಮಾಡಿ 2-3ರಲ್ಲೇ ಬಿಟ್ಟಿದ್ದರೆ ಎಷ್ಟು ಸೆಲ್ ಹಾಕಿದರೂ ವ್ಯರ್ಥ. ಬೋರ್ಡ್‌ನ ಮ್ಯಾನುಯಲ್ ನೋಡಿ ಖಚಿತಪಡಿಸಿಕೊಳ್ಳಿ. ಆಮೇಲೆ ಸಾಕೆಟ್‌ನ ಲೋಹದ ನಾಲಿಗೆ ಬಾಗಿದೆಯೇ, ಹಸಿರುಗಟ್ಟಿದೆಯೇ ನೋಡಿ.

ಜೋಡಿಸಿದ ಮೇಲೆ ಫೋಟೋ ನೋಡಿಕೊಂಡು ಬಯಾಸ್ ಸರಿಪಡಿಸಿ. ಸಾಟಾ ಮೋಡ್ ಬದಲಾಗಿದ್ದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಹೆದರಿ ಫಾರ್ಮ್ಯಾಟ್ ಮಾಡಬೇಡಿ, ಹಳೆಯ ಮೋಡ್‌ಗೆ ತಂದರೆ ಸಾಕು. ರಾತ್ರಿಯಿಡೀ ಪ್ಲಗ್ ಕಿತ್ತಿಟ್ಟು, ಬೆಳಿಗ್ಗೆ ಇಂಟರ್ನೆಟ್ ಸಿಗುವ ಮೊದಲೇ ಬಯಾಸ್‌ನಲ್ಲಿ ಸಮಯ ನೋಡಿ.

ತೆಗೆದ ಸೆಲ್‌ನ ಎರಡೂ ಬದಿಗೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ. ಮೇಜಿನ ಮೇಲೆ ಬಿಡಬೇಡಿ: ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.