ಮೋಲ್ಡ್ ಬಿರುಕು: ಒಳಗಿನ ನೀರು, ಮೇಲಿನ ನೀರು

ಚಿತ್ರದುರ್ಗ, ದಾವಣಗೆರೆ ಕಡೆ ಮೋಲ್ಡ್ (ಮನೆಯ ಕಾಂಕ್ರೀಟ್ ತಾರಸಿ) ಹಾಕಿದ ಮರುದಿನ ಮೇಲೆ ಹತ್ತಿ ನೋಡಿದರೆ ಕೋಳಿ ಕೆದರಿದ ಹಾಗೆ ಗೆರೆಗಳು. ಮನೆಯವರು ಸಿಮೆಂಟನ್ನು ಬೈಯುತ್ತಾರೆ, ಮೇಸ್ತ್ರಿ ಬಿಸಿಲನ್ನು ಬೈಯುತ್ತಾನೆ. ನಾನು ಕಂಡಂತೆ ಹೆಚ್ಚಿನ ಕಡೆ ಮಿಲ್ಲರ್ (ಕಾಂಕ್ರೀಟ್ ಕಲಸುವ ಯಂತ್ರ) ಒಳಗೆ ಹೋದ ನೀರು ಜಾಸ್ತಿ ಆಗಿರುತ್ತದೆ, ಮೇಲೆ ಬೀಳಬೇಕಾದ ನೀರು ತಡ ಆಗಿರುತ್ತದೆ.

ಎಂ20 ದರ್ಜೆಯ ಕಾಂಕ್ರೀಟಿಗೆ ನಾನು ಹಾಕಿಸುವುದು ಸಿಮೆಂಟ್, ಮರಳು, ಜಲ್ಲಿ 1:1.5:3. ಅಂದರೆ 50 ಕೆಜಿ ಚೀಲವೊಂದಕ್ಕೆ 35 ಲೀಟರ್ ಪೆಟ್ಟಿಗೆಯಲ್ಲಿ ಒಂದೂವರೆ ಪೆಟ್ಟಿಗೆ ಎಂ-ಸ್ಯಾಂಡ್, ಮೂರು ಪೆಟ್ಟಿಗೆ 20 ಎಂಎಂ ಜಲ್ಲಿ. ಬಾಂಡ್ಲಿ ಲೆಕ್ಕ ಒಪ್ಪುವುದಿಲ್ಲ. ಬೆಳಗಿನ ಬಾಂಡ್ಲಿ ತುಂಬಿದಷ್ಟು ಮಧ್ಯಾಹ್ನದ ಬಾಂಡ್ಲಿ ತುಂಬಿರುವುದಿಲ್ಲ. ನೀರು ಚೀಲಕ್ಕೆ 27 ಲೀಟರ್ ದಾಟಬಾರದು. ಸೌಮ್ಯ (ಮೈಲ್ಡ್) ವಾತಾವರಣದ ಆರ್‌ಸಿಸಿಗೆ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿಗೆ, ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಕೊಡುವ ಮಿತಿ ಸಿಮೆಂಟಿನ ತೂಕದ 0.55 ಪಾಲು, ಅದೇ ಲೆಕ್ಕ ಇದು. ಮರಳು ಒದ್ದೆ ಇದ್ದರೆ ಅದನ್ನೂ ಕಳೆಯಬೇಕು: ಚೀಲವೊಂದಕ್ಕೆ ಸುಮಾರು 80 ಕೆಜಿ ಮರಳು, ಅದರಲ್ಲಿ ನೂರಕ್ಕೆ 4ರಷ್ಟು ತೇವ ಇದ್ದರೂ 3 ಲೀಟರ್ ಆಗಲೇ ಒಳಗೆ ಸೇರಿತು. ಆದ್ದರಿಂದ ಮಿಲ್ಲರ್ ಹತ್ತಿರ ಪೈಪ್ ಇಡಿಸುವುದಿಲ್ಲ, ಗುರುತು ಹಾಕಿದ ಬಕೆಟ್ ಮಾತ್ರ. ಮಾಲು (ಕಲಸಿದ ಕಾಂಕ್ರೀಟ್) ಗಟ್ಟಿ ಆಯಿತು ಎಂದರೆ ನೀರು ಹೆಚ್ಚಿಸದೆ ಅದನ್ನು ಸಡಿಲ ಮಾಡುವ ಪ್ಲಾಸ್ಟಿಸೈಜರ್ ದ್ರಾವಣ, ಅದೂ ಡಬ್ಬದ ಮೇಲೆ ಬರೆದಷ್ಟೇ. ಕಲಸಿಯೇ ತರುವ ರೆಡಿಮಿಕ್ಸ್ ಲಾರಿಗೂ ಇದೇ ನಿಯಮ.

ಕಂಬಿಯ ಕೆಳಗೆ ಜಲ್ಲಿಚೂರು ಸಿಕ್ಕಿಸಬೇಡಿ, ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ 20 ಎಂಎಂ ಕವರ್ ಬ್ಲಾಕ್ ಇಡಿ. ಅದಕ್ಕಿಂತ ಮುಖ್ಯವಾದದ್ದು ಬೀಮ್ ಮೇಲಿನ ಮೇಲ್ಕಂಬಿ. ಮಾಲು ಹೊರುವವರ ಕಾಲಡಿ ಅದು ಬಗ್ಗಿ ಕೆಳಗೆ ಕೂತರೆ ಮುಂದೆ ಬೀಮ್ ಉದ್ದಕ್ಕೂ ಮೇಲ್ಮೈ ಸೀಳುವುದು ಖಚಿತ. ಮೂರಡಿಗೊಂದು ಚೇರ್ (ಮೇಲ್ಕಂಬಿಯನ್ನು ಎತ್ತಿ ಹಿಡಿಯುವ ಬಗ್ಗಿಸಿದ ಕಂಬಿ) ಕಟ್ಟಿಸಿ, ಓಡಾಡಲು ಹಲಗೆ ಹಾಕಿಸಿ. ಕರೆಂಟ್ ಪೈಪುಗಳು ಮೇಲ್ಕಂಬಿಗೂ ಕೆಳಕಂಬಿಗೂ ನಡುವೆ ಇರಲಿ. ನಾಲ್ಕು ಪೈಪನ್ನು ಒಟ್ಟಿಗೆ ಕಟ್ಟಿ ಎಳೆದರೆ 5 ಇಂಚಿನ ಮೋಲ್ಡ್‌ನಲ್ಲಿ ಅಲ್ಲಿ ಕಾಂಕ್ರೀಟೇ ಉಳಿಯುವುದಿಲ್ಲ, ಬಿರುಕು ಪೈಪಿನ ದಾರಿಯಲ್ಲೇ ಹೋಗುತ್ತದೆ.

ಹಸಿ ಮಾಲು ಆಳದ ಬೀಮ್‌ನಲ್ಲಿ ಹೆಚ್ಚು ಕೆಳಗೆ ಕೂರುತ್ತದೆ, ತೆಳು ಮೋಲ್ಡ್‌ನಲ್ಲಿ ಕಡಿಮೆ. ಎರಡನ್ನೂ ಒಂದೇ ಏಟಿಗೆ ತುಂಬಿದರೆ ಕೂಡುವ ಅಂಚಿನಲ್ಲಿ ಗೆರೆ ಬೀಳುತ್ತದೆ. ಬೀಮನ್ನು ಮೋಲ್ಡ್ ತಳದವರೆಗೆ ತುಂಬಿ, ವೈಬ್ರೇಟರ್ ಹೊಡೆದು, ಅರ್ಧ ಗಂಟೆ ಬಿಟ್ಟು ಮೇಲಿನದನ್ನು ಹಾಕಿಸುತ್ತೇನೆ. ಆಗ ವೈಬ್ರೇಟರ್ ಸೂಜಿ ಬೀಮ್ ಒಳಕ್ಕೂ ಇಳಿಯಬೇಕು.

ಇನ್ನು ಗಾಳಿ. ಬಿಸಿಲಿಗಿಂತ ಇದೇ ಹೆಚ್ಚು ಕೆಡಿಸುತ್ತದೆ, ಮೋಡ ಕವಿದ ದಿನವೂ. ಮೇಲ್ಮೈಯಿಂದ ಗಂಟೆಗೆ ಚದರ ಮೀಟರಿಗೆ ಸುಮಾರು 1 ಕೆಜಿಗಿಂತ ಹೆಚ್ಚು ನೀರು ಆರಿದರೆ ಬಿರುಕಿನ ಅಪಾಯ. 1000 ಚದರಡಿಗೆ ಅದು ಗಂಟೆಗೆ 93 ಲೀಟರ್. ಒಳಗಿಂದ ಒಸರುವ ನೀರು ಅಷ್ಟು ಬೇಗ ಮೇಲೆ ಬರುವುದಿಲ್ಲ. ಮೇಲಿನ ಪದರ ಕುಗ್ಗುತ್ತದೆ, ಕೆಳಗಿನದು ಕುಗ್ಗುವುದಿಲ್ಲ, ಆಗ ಮೇಲಿನದು ಸೀಳುತ್ತದೆ.

ಹಾಗಾಗಿ ಬೇಸಿಗೆಯಲ್ಲಿ ಬೆಳಿಗ್ಗೆ 6ಕ್ಕೆ ಮಿಲ್ಲರ್ ತಿರುಗಬೇಕು. ಜಲ್ಲಿ ರಾಶಿಗೆ ಹಿಂದಿನ ಸಂಜೆಯೇ ನೀರು, ಮೋಲ್ಡ್ ಕೆಳಗೆ ಹಾಸುವ ಸೆಂಟ್ರಿಂಗ್ ಶೀಟಿಗೆ ಮಾಲು ಬೀಳುವ ಮುಂಚೆ ನೀರು (ಆದರೆ ಮಡುಗಟ್ಟಿ ನಿಲ್ಲಬಾರದು). ಗಾಳಿ ಬರುವ ದಿಕ್ಕಿಗೆ 5 ಅಡಿ ಎತ್ತರ ಟಾರ್ಪಾಲ್. ಮಟ್ಟ ಮಾಡಿದ ಜಾಗಕ್ಕೆ ಹಿಂದೆಯೇ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾ ಬರುತ್ತೇವೆ. ಹೊದಿಸಲಾಗದ ಕಡೆ ಹೊಲಕ್ಕೆ ಔಷಧಿ ಹೊಡೆಯುವಂಥ ಸ್ಪ್ರೇಯರ್, ಹೊಸದು, ಬರೀ ನೀರಿನ ಮಂಜು ಹಿಡಿಯಲು.

ಮೇಲ್ಮೈ ಉಜ್ಜುವ ಮರದ ಮಣೆ ಯಾವಾಗ ಹಾಕಬೇಕು? ಒಸರಿದ ನೀರಿನ ಹೊಳಪು ಹೋಗಿ ಮೇಲ್ಮೈ ಮಂಕಾಗಬೇಕು, ಹೆಬ್ಬೆರಳು ಒತ್ತಿದರೆ ಗುರುತು ಮೂಡಬೇಕು, ನೀರು ಮಾತ್ರ ಮೇಲೆ ಬರಬಾರದು. ಹೊಳಪು ಇರುವಾಗಲೇ ಒಣ ಸಿಮೆಂಟ್ ಉದುರಿಸಿ ಕರಣೆ ಎಳೆಯುವುದು ನಮ್ಮ ಮೇಸ್ತ್ರಿಗಳ ಹಳೇ ಚಾಳಿ. ಅದರಿಂದ ಮೇಲೆ ಹಪ್ಪಳದಂಥ ಪದರ ಆಗಿ ಜಾಲಜಾಲವಾಗಿ ಒಡೆಯುತ್ತದೆ. ಈ ಹೊತ್ತಿಗೆ ಗೆರೆ ಕಂಡರೆ ಹೆದರಬೇಕಿಲ್ಲ. ಮೈ ಮೆತ್ತಗಿರುವವರೆಗೆ ಮಣೆಯಿಂದ ಬಿರುಸಾಗಿ ತಟ್ಟಿ ಉಜ್ಜಿದರೆ ಕೂಡಿಕೊಳ್ಳುತ್ತದೆ. ಸಿಮೆಂಟ್ ಹಾಲು ಸುರಿದರೆ ಗೆರೆ ಮುಚ್ಚುತ್ತದೆ ಅಷ್ಟೇ.

ಬೆರಳು ಊರದಷ್ಟು ಗಟ್ಟಿಯಾದ ಕೂಡಲೇ, ಅಂದರೆ ಅದೇ ದಿನ, ಒದ್ದೆ ಗೋಣಿ. ಮರುದಿನ ಬೆಳಿಗ್ಗೆ ಪಾತಿ ಕಟ್ಟಿ 2 ಇಂಚು ನೀರು. 1000 ಚದರಡಿಗೆ ಸುಮಾರು 4700 ಲೀಟರ್ ಬೇಕು, ಟ್ಯಾಂಕರ್ ಮೊದಲೇ ಹೇಳಿಡಿ. ಒಪಿಸಿಗೆ (ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್) ಕನಿಷ್ಠ 7 ದಿನ. ಪಿಪಿಸಿಗೆ (ಹಾರುಬೂದಿಯಂಥ ಪೊಝೊಲಾನ ಬೆರೆಸಿದ ಸಿಮೆಂಟ್) 14 ದಿನ ನಿಲ್ಲಿಸುತ್ತೇನೆ, ಅಲ್ಲಿಯವರೆಗೆ ಕೆಳಗಿನ ಆಸರೆಯ ಜಾಕಿ ಮುಟ್ಟಿಸುವುದಿಲ್ಲ, ಇಟ್ಟಿಗೆ ರಾಶಿಯನ್ನೂ ಮೇಲೇರಿಸುವುದಿಲ್ಲ. ಕೊನೆಗೆ ಪಾತಿ ಒಡೆದ ಮೇಲೂ ಗೋಣಿಯನ್ನು ಎರಡು ದಿನ ಹಾಗೇ ಬಿಟ್ಟು ನಿಧಾನಕ್ಕೆ ಆರಗೊಡುತ್ತೇನೆ.