ಮಗುವಿಗೆ ಕಿವಿ ಕೇಳಿಸುವುದಿಲ್ಲವೆಂದು ತಿಳಿದ ಮೇಲೆ

ಪರೀಕ್ಷೆಯ ವರದಿ ಹಿಡಿದು ಮನೆಗೆ ಮರಳಿದ ತಂದೆತಾಯಿಯರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ‘ಇವಳಿಗೆ ಮಾತು ಬರುತ್ತದೆಯೇ?’ ಎಂಬುದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇವತ್ತಿನಿಂದ ಇವಳಿಗೆ ಭಾಷೆ ಯಾವ ದಾರಿಯಲ್ಲಿ ಸಿಗುತ್ತದೆ ಎನ್ನುವುದು. ಕಿವಿ ಕೇಳಿಸದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳಿಸುವ ತಂದೆತಾಯಿಯರಿಗೇ. ಹಾಗಾಗಿ ಮಗುವಿನ ಜೊತೆಗೆ ಮನೆಯವರೂ ಹೊಸದಾಗಿ ಕಲಿಯಬೇಕಾಗುತ್ತದೆ.

ತಪಾಸಣೆಯನ್ನು ಮುಂದೂಡಬಾರದು. ಹುಟ್ಟಿದ 1 ತಿಂಗಳೊಳಗೆ ಶ್ರವಣ ತಪಾಸಣೆ, 3 ತಿಂಗಳೊಳಗೆ ಖಚಿತ ನಿರ್ಣಯ, 6 ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬುದು ತಜ್ಞರು ಒಪ್ಪಿಕೊಂಡಿರುವ ಗಡುವು. ‘ಅವನ ಅಪ್ಪನಿಗೂ ಮಾತು ತಡವಾಗಿಯೇ ಬಂತು’ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಆ ಮಾತನ್ನು ನಂಬಿ ವರ್ಷಗಳನ್ನು ಕಳೆದವರು ಬಹಳ. ಬೆನ್ನ ಹಿಂದೆ ತಟ್ಟೆ ಬಡಿದು ನೋಡುವುದು ಪರೀಕ್ಷೆಯಲ್ಲ, ಏಕೆಂದರೆ ನೆಲದ ಅದುರು ಅಥವಾ ಗಾಳಿಯ ಅಲುಗಾಟ ತಗುಲಿದರೂ ಮಗು ತಿರುಗಿ ನೋಡುತ್ತದೆ. ಮಗು ಮಲಗಿರುವಾಗಲೇ ನೋವಿಲ್ಲದೆ ಮಾಡುವ ಒಎಇ (ಶಬ್ದಕ್ಕೆ ಒಳಗಿವಿ ಕೊಡುವ ಮರುದನಿಯನ್ನು ಅಳೆಯುವುದು) ಮತ್ತು ಬೆರಾ (ಶಬ್ದಕ್ಕೆ ಶ್ರವಣ ನರ ಮತ್ತು ಮಿದುಳಕಾಂಡ ಸ್ಪಂದಿಸುವುದನ್ನು ಅಳೆಯುವುದು) ಪರೀಕ್ಷೆಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯ ಜೊತೆಗೆ ಪುಟ್ಟ ಮಕ್ಕಳಿಗೂ ತಾಯಂದಿರಿಗೂ ಒಟ್ಟಿಗೆ ತರಬೇತಿ ಸಿಗುತ್ತದೆ.

ಶ್ರವಣ ಸಾಧನ ಕೊಟ್ಟರೆ ಅದು ಮಗು ಎಚ್ಚರವಿರುವಷ್ಟು ಹೊತ್ತೂ ಕಿವಿಯಲ್ಲಿರಬೇಕು. ನೆಂಟರು ಬಂದಾಗ ತೆಗೆದಿಡುವುದಾಗಲಿ ಕೂದಲಿನಿಂದ ಮುಚ್ಚುವುದಾಗಲಿ ಸಲ್ಲದು, ಮುಚ್ಚಿಡಬೇಕಾದ ವಸ್ತು ಅದೆಂದು ಮಗು ಅಲ್ಲಿಂದಲೇ ಕಲಿಯುತ್ತದೆ. ಕಿವಿ ಬೆಳೆದಂತೆ, ಸಾಧನವನ್ನು ಕಿವಿಯೊಳಗೆ ಕೂರಿಸುವ ಅಚ್ಚು ಸಡಿಲವಾಗಿ ಸಾಧನ ಕುಂಯ್ ಎಂದು ಶಿಳ್ಳೆ ಹಾಕತೊಡಗಿದರೆ ಹೊಸ ಅಚ್ಚು ಮಾಡಿಸಬೇಕು. ಅದರ ಗುಂಡಿಯಂಥ ಬ್ಯಾಟರಿಯನ್ನು ಮಗು ನುಂಗಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಗಿವಿಯಲ್ಲಿ ಕೂರಿಸುವ ಶ್ರವಣ ಯಂತ್ರ, ಮಾಡಿಸಿದವರು ಶಸ್ತ್ರಚಿಕಿತ್ಸೆಯ ಮರುದಿನವೇ ಮಗು ಮಾತು ಕೇಳುತ್ತದೆಂದು ಎಣಿಸಬಾರದು. ಗಾಯ ಮಾಗಿದ ಮೇಲೆ ಯಂತ್ರ ಚಾಲೂ ಮಾಡುತ್ತಾರೆ, ಅಲ್ಲಿಂದಾಚೆಗೆ ವರ್ಷಗಳ ಅಭ್ಯಾಸ ಬೇಕು.

ಇಷ್ಟೆಲ್ಲ ಸಾಧನಗಳಿಗಿಂತ ನಾನು ಹೆಚ್ಚು ಒತ್ತಿ ಹೇಳುವುದು ಕಣ್ಣಿನ ವಿಷಯವನ್ನು. ಕೇಳಿಸುವ ಮಗು ಕೈಯಲ್ಲಿರುವ ವಸ್ತುವನ್ನು ನೋಡುತ್ತಲೇ ಅದರ ಹೆಸರನ್ನೂ ಕಿವಿಯಿಂದ ಹಿಡಿಯುತ್ತದೆ. ಕೇಳಿಸದ ಮಗು ಒಂದೋ ವಸ್ತುವನ್ನು ನೋಡಬೇಕು, ಇಲ್ಲವೇ ನಿಮ್ಮನ್ನು ನೋಡಬೇಕು. ನಾನು ಬಲ್ಲ ಒಬ್ಬ ಅಜ್ಜಿ ಇದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದರು. ಎರಡು ವರ್ಷದ ಮೊಮ್ಮಗಳ ಎದುರು ಮೊರ ಇಟ್ಟುಕೊಂಡು, ಒಂದು ಅವರೆಕಾಯಿಯನ್ನು ಅವಳ ಕೈಗೆ ಕೊಟ್ಟು ಸುಮ್ಮನೆ ಕೂರುತ್ತಿದ್ದರು. ಮಗು ಕಾಯಿಯನ್ನು ಮೂಸಿ, ಹಿಸುಕಿ, ಸಿಪ್ಪೆ ಬಿಡಿಸಿ, ಕಾಳು ಕಂಡ ಖುಷಿಗೆ ತಲೆಯೆತ್ತಿದಾಗ ಅಜ್ಜಿ ಆ ಕಾಳನ್ನು ತಮ್ಮ ಗಲ್ಲದ ಹತ್ತಿರ ಹಿಡಿದು, ‘ಕಾಳು’ ಎಂದು ಹೇಳಿ, ಬೆರಳಿನಲ್ಲಿ ಸನ್ನೆ ಮಾಡಿ, ಮತ್ತೆ ಮೊರದ ಕಡೆಗೆ ಕಣ್ಣಿಳಿಸುತ್ತಿದ್ದರು. ಒಂದು ದಿನ ಕಾಯಿಯೊಳಗಿಂದ ಹುಳ ಹೊರಬಂದಾಗ ಮಗು ತಾನಾಗಿಯೇ ತಲೆಯೆತ್ತಿ ಅಜ್ಜಿಯ ಕೈಯನ್ನೇ ದಿಟ್ಟಿಸಿತು, ಇದಕ್ಕೇನು ಸನ್ನೆ ಎಂಬಂತೆ. ಮಗುವಿನ ಗಲ್ಲ ಹಿಡಿದು ಮುಖವನ್ನು ನಿಮ್ಮತ್ತ ತಿರುಗಿಸಿದರೆ ಇದು ಸಾಧ್ಯವಾಗದು, ಕಾಯಬೇಕು.

ಕರೆಯಬೇಕಾದಾಗ ಭುಜವನ್ನು ಮೆಲ್ಲಗೆ ತಟ್ಟಿ, ದೂರವಿದ್ದರೆ ಕೈ ಬೀಸಿ ಅಥವಾ ದೀಪವನ್ನು ಒಮ್ಮೆ ಆರಿಸಿ ಹಚ್ಚಿ. ಮಗುವಿನ ಎತ್ತರಕ್ಕೆ ಕುಳಿತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಮಾತಾಡಿ. ಕಿಟಕಿಗೆ ಬೆನ್ನು ಕೊಟ್ಟರೆ ಮುಖ ಕಪ್ಪಾಗಿ ಕಾಣುತ್ತದೆ. ಕಿರುಚಿದರೆ ತುಟಿಯ ಆಕಾರ ಕೆಡುತ್ತದೆಯಾದ್ದರಿಂದ ಸಹಜ ವೇಗದಲ್ಲೇ ಹೇಳಿ. ತುಟಿ ಓದುವುದಕ್ಕೂ ಒಂದು ಮಿತಿಯಿದೆ: ‘ಮರ’, ‘ಬರ’, ‘ಪರ’ ಮೂರನ್ನೂ ಕನ್ನಡಿಯ ಮುಂದೆ ಧ್ವನಿಯಿಲ್ಲದೆ ಹೇಳಿ ನೋಡಿದರೆ ಮೂರೂ ಒಂದೇ ಆಗಿ ಕಾಣುತ್ತವೆ, ಕ ಮತ್ತು ಗ ಅಂತೂ ಗಂಟಲ ಬಳಿ ಹುಟ್ಟುವುದರಿಂದ ಹೊರಗೆ ಕಾಣುವುದೇ ಇಲ್ಲ. ಆದ್ದರಿಂದ ತುಟಿಯೊಂದನ್ನೇ ನಂಬಿಸಿ ಮಗುವನ್ನು ಬೆಳೆಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಸನ್ನೆ ಕಲಿಸಿದರೆ ಮಾತು ಬರುವುದಿಲ್ಲವೆಂಬ ಭಯ ಆಧಾರವಿಲ್ಲದ್ದು. ಶ್ರವಣ ಸಾಧನದ ಜೊತೆಗೇ ಸಂಜ್ಞಾ ಭಾಷೆಯನ್ನೂ ಕೊಡಬಹುದು, ಒಂದರಲ್ಲಿ ಬೇರೂರಿದ ಭಾಷೆ ಇನ್ನೊಂದಕ್ಕೆ ಆಸರೆಯಾಗುತ್ತದೆ. ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ: ‘ನೀನು ಎಲ್ಲಿಗೆ ಹೋಗುತ್ತೀಯ’ ಎಂಬಲ್ಲಿ ‘ಎಲ್ಲಿ’ ಎಂಬ ಸನ್ನೆ ಕೊನೆಗೆ ಬರುತ್ತದೆ, ಹುಬ್ಬು ಮತ್ತು ಮುಖದ ಚಲನೆಗಳೂ ವಾಕ್ಯದ ಭಾಗಗಳೇ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟು 2021ರ ಹೊತ್ತಿಗೆ 10,000 ಪದಗಳನ್ನು ತಲುಪಿತ್ತು, ಅದರ ವಿಡಿಯೋಗಳನ್ನು ಮೊಬೈಲಿನಲ್ಲೇ ನೋಡಬಹುದು. ಆದರೂ ಈ ಭಾಷೆಯನ್ನು ನಿತ್ಯ ಬಳಸುವ ಹಿರಿಯ ಕಿವುಡರೇ ಒಳ್ಳೆಯ ಗುರುಗಳು, ಅವರನ್ನು ಮನೆಗೆ ಕರೆಯಿರಿ. ದೊಡ್ಡವಳಾದ ಮೇಲೆ ತಾನು ಹೇಗಿರಬಹುದೆಂಬುದನ್ನು ಮಗು ಅವರಲ್ಲಿ ನೋಡುತ್ತದೆ. ಶಾಲೆಗೆ ಸೇರಿಸುವಾಗ, ಕಿವುಡ ಮಕ್ಕಳಿಗೆ ತಕ್ಕ ಭಾಷೆ ಮತ್ತು ಸಂವಹನ ವಿಧಾನದಲ್ಲೇ ಶಿಕ್ಷಣ ಸಿಗಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆಂಬುದು ನೆನಪಿರಲಿ.

ಇತರ ಮಕ್ಕಳು ಯಾರೂ ಕಲಿಸದೆ, ದೊಡ್ಡವರ ಮಾತು ಕಿವಿಗೆ ಬಿದ್ದೇ ಎಷ್ಟನ್ನೋ ತಿಳಿದುಕೊಂಡಿರುತ್ತಾರೆ: ಅತ್ತೆ ಯಾಕೆ ಮುನಿಸಿಕೊಂಡರು, ನಾಳೆ ಊರಿಗೆ ಹೋಗುವುದು ಯಾಕೆ. ಈ ಮಗುವಿಗೆ ಅವನ್ನೆಲ್ಲ ಎದುರು ಕೂತು ಹೇಳಬೇಕು. ಊಟದ ಹೊತ್ತಿನಲ್ಲಿ ಎಲ್ಲರೂ ನಕ್ಕಾಗ ಮಗು ‘ಏನು?’ ಎಂದು ಕೇಳಿದರೆ ‘ಆಮೇಲೆ ಹೇಳುತ್ತೇನೆ’ ಎನ್ನದೆ ಆಗಲೇ ಹೇಳಿ. ಊರಿಗೆ ಹೊರಡುವ ಹಿಂದಿನ ರಾತ್ರಿ ಗೋಡೆಯ ಕ್ಯಾಲೆಂಡರಿನಲ್ಲಿ ನಾಳಿನ ದಿನದ ಮೇಲೆ ಒಂದು ಬಸ್ಸಿನ ಚಿತ್ರ ಬರೆದು, ಅಜ್ಜನ ಫೋಟೋ ತೋರಿಸಿ, ಎಷ್ಟು ರಾತ್ರಿ ಅಲ್ಲಿರುತ್ತೀರೋ ಅಷ್ಟು ಬೆರಳು ಎಣಿಸಿ ತೋರಿಸಿ. ಹಾಗೆ ಮಾಡಿದರೆ ಬೆಳಿಗ್ಗೆ ತನ್ನ ಚಪ್ಪಲಿಯನ್ನು ಮಗುವೇ ಹುಡುಕಿ ತರುತ್ತದೆ.