ಬೀಡಿಂಗ್ ಬಿಡದಂತೆ ಡಬಲ್ ಟೇಪ್ ಹಚ್ಚುವುದು

ಕಾರಿನ ಬಾಗಿಲ ಹೊರಗೆ ಅಂಟಿಸುವ ಪ್ಲಾಸ್ಟಿಕ್ ಪಟ್ಟಿಯೇ ಬೀಡಿಂಗ್; ಅದನ್ನು ಹಿಡಿದಿಡುವುದು ಎರಡೂ ಕಡೆ ಅಂಟಿರುವ ಡಬಲ್ ಟೇಪ್. ಬಿದ್ದ ಬೀಡಿಂಗ್ ಕೈಗೆ ಬಂದರೆ ಮೊದಲು ಟೇಪ್ ಯಾವ ಕಡೆ ಉಳಿದಿದೆ ಅಂತ ನೋಡುತ್ತೇನೆ. ಪೂರ್ತಿ ಬೀಡಿಂಗ್‌ಗೇ ಅಂಟಿಕೊಂಡು ಬಂದಿದ್ದರೆ ಬಾಗಿಲು ಒರೆಸಿದ್ದು ಸರಿಯಾಗಿಲ್ಲ. ಬಾಗಿಲ ಮೇಲೇ ಉಳಿದಿದ್ದರೆ ಬೀಡಿಂಗಿನ ಪ್ಲಾಸ್ಟಿಕ್‌ಗೆ ಪ್ರೈಮರ್ (ಅಂಟು ಹಿಡಿಯಲೆಂದು ಮೊದಲೇ ಸವರುವ ದ್ರವ) ಬೇಕಿತ್ತು. ಟೇಪಿನ ನಡುವಿನ ಫೋಮ್ ಹರಿದು ಎರಡೂ ಕಡೆ ಉಳಿದಿದ್ದರೆ ಅಂಟು ಚಲೋ ಹಿಡಿದಿದೆ, ಟೇಪಿನ ಅಗಲ ಸಾಲದಾಗಿದೆ.

ಹುಬ್ಬಳ್ಳಿ, ಗದಗ ಕಡೆಯ ಎರಿ ಮಣ್ಣಿನ ಧೂಳು ಬಹಳ ನುಣುಪು, ಕಣ್ಣಿಗೆ ಕಾಣದೆ ಪೇಂಟ್ ಮೇಲೆ ಕೂತಿರುತ್ತದೆ. ಅದಕ್ಕಿಂತ ಕೆಟ್ಟದ್ದು ವ್ಯಾಕ್ಸ್ ಮತ್ತು ಸಿಲಿಕೋನ್ ಪಾಲಿಶ್. ಶಾಂಪೂ ನೀರಿನಿಂದ ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಅರ್ಧಕ್ಕರ್ಧ ಬೆರೆಸಿ ಒರೆಸುತ್ತೇನೆ. ಅದು ತಾನೇ ಆರಲು ಬಿಡಬಾರದು. ಹಸಿ ಇರುವಾಗಲೇ ಇನ್ನೊಂದು ಒಣ ಅರಿವೆಯಿಂದ ಒಂದೇ ದಿಕ್ಕಿಗೆ ಎಳೆದರೆ ಜಿಡ್ಡು ಅರಿವೆಗೆ ಬರುತ್ತದೆ. ಸೀಮೆಎಣ್ಣೆ ಬೇಡವೇ ಬೇಡ, ಅದೇ ಎಣ್ಣೆಯ ಪದರ ಬಿಡುತ್ತದೆ. ಹೊಸದಾಗಿ ಪೇಂಟ್ ಆದ ಬಾಗಿಲಿಗೂ ತಕ್ಷಣ ಹಚ್ಚುವುದಿಲ್ಲ.

ಟೇಪ್ ಅಂದರೆ 3ಎಂ ಕಂಪನಿಯ ವಿಎಚ್‌ಬಿ ತರಹದ ಅಕ್ರಿಲಿಕ್ ಫೋಮ್, 1.1 ಮಿ.ಮೀ. ದಪ್ಪ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುವಷ್ಟು ತಗಡು ಹಿಗ್ಗುವುದಿಲ್ಲ. ಆ ಎಳೆದಾಟವನ್ನು ಫೋಮ್ ನುಂಗಿಕೊಳ್ಳುತ್ತದೆ, ತೆಳು ಟೇಪಿಗೆ ಅದು ಆಗದು. ಒಂದು ಕಿಲೋ ತೂಕಕ್ಕೆ ಸುಮಾರು 55 ಚದರ ಸೆಂ.ಮೀ. ಟೇಪ್ ಲೆಕ್ಕ: 12 ಮಿ.ಮೀ. ಅಗಲದ್ದಾದರೆ 46 ಸೆಂ.ಮೀ. 400 ಗ್ರಾಂ ಬೀಡಿಂಗ್‌ಗೆ 18–19 ಸೆಂ.ಮೀ. ಸಾಕು ಅನ್ನಿಸಬಹುದು. ಆದರೂ ಉದ್ದಕ್ಕೂ ಹಚ್ಚಬೇಕು, ಏಳುವುದು ಯಾವತ್ತೂ ತುದಿಯಿಂದ.

ಪೇಂಟ್ ಇಲ್ಲದ ಕಪ್ಪು ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಪ್ರೊಪಿಲೀನ್. ಅದಕ್ಕೆ ಅಂಟು ಸುಲಭವಾಗಿ ಹಿಡಿಯುವುದಿಲ್ಲ, ಹಾಗಾಗಿ 3ಎಂ ಪ್ರೈಮರ್ 94 ತೆಳ್ಳಗೆ ಸವರಿ, ಪೂರ್ತಿ ಆರಿದ ಮೇಲೆಯೇ ಟೇಪ್.

ಬೀಡಿಂಗಿನ ಹಿಂಬದಿಗೆ ಹಚ್ಚುವಾಗ ಟೇಪ್ ಎಳೆದು ಹಿಗ್ಗಿಸಬಾರದು, ಆಮೇಲೆ ಕುಗ್ಗಿ ತುದಿ ಏಳುತ್ತದೆ. ಅಂಟಿಗೆ ಬೆರಳು ತಾಗಿಸಬಾರದು. ಬಾಗಿಲ ಮೇಲೆ ಪೇಪರ್ ಟೇಪಿನಿಂದ ಗೆರೆ ಹಾಕಿ, ಡಬಲ್ ಟೇಪಿನ ಅಂಟು ಮುಚ್ಚಿರುವ ಕೆಂಪು ಹಾಳೆಯನ್ನು ಎರಡೂ ತುದಿಯಲ್ಲಿ ಎರಡಿಂಚು ಬಿಚ್ಚಿ ಹೊರಗೆ ಮಡಚುತ್ತೇನೆ. ಗೆರೆಗೆ ಕೂರಿಸಿ ತುದಿ ಒತ್ತಿದ ಮೇಲೆ ಉಳಿದ ಹಾಳೆ ಪಕ್ಕದಿಂದ ಎಳೆಯುವುದು. ನಂತರ ಇಂಚಿಂಚಿಗೂ ಹೆಬ್ಬೆರಳಿನಿಂದ ಜೋರಾಗಿ ಒತ್ತಬೇಕು. ಒತ್ತಿದಾಗಲೇ ಅಂಟು ಪೇಂಟಿನ ಸಣ್ಣ ಸಣ್ಣ ತಗ್ಗಿಗೆ ಇಳಿಯುವುದು.

ಡಿಸೆಂಬರ್ ಬೆಳಗ್ಗೆ ಧಾರವಾಡದಲ್ಲಿ ತಗಡು ಥಂಡಿ ಹಿಡಿದಿರುತ್ತದೆ. ಹೇರ್ ಡ್ರೈಯರ್‌ನಿಂದ ಕೈಗೆ ಬೆಚ್ಚಗೆ ತಾಗುವಷ್ಟು ಕಾಯಿಸುತ್ತೇನೆ. ಹಚ್ಚಿದ ಮೇಲೆ ಅಂಟಿಗೆ 20 ನಿಮಿಷಕ್ಕೆ ಅರ್ಧ ಶಕ್ತಿ, 24 ತಾಸಿಗೆ ಶೇ 90, ಪೂರ್ತಿಗೆ 72 ತಾಸು. ಅಲ್ಲಿಯವರೆಗೆ ಪ್ರೆಶರ್ ವಾಷರ್ ಬಾಗಿಲ ಹತ್ತಿರ ಬರಬಾರದು.

ಹಳೇದನ್ನು ತೆಗೆಯಲು ಬಿಸಿ ಮಾಡಿ, ಗಾಳದ ದಾರವನ್ನು ಹಿಂದೆ ಹಾಕಿ ಗರಗಸದಂತೆ ಎಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪೇಂಟ್ ಹೋಗುತ್ತದೆ. ಉಳಿದ ಫೋಮನ್ನು ಹೆಬ್ಬೆರಳಿನಿಂದ ಉಜ್ಜಿ ಉಂಡೆ ಮಾಡಿ ಪೂರ್ತಿ ತೆಗೆದು, ಮತ್ತೆ ಆಲ್ಕೋಹಾಲ್ ನೀರಿನಿಂದ ಒರೆಸಬೇಕು. ಹಳೆ ಫೋಮಿನ ಮೇಲೆ ಹೊಸ ಟೇಪ್ ನಿಲ್ಲುವುದಿಲ್ಲ.